ಓದಿ ಅರ್ಥ ಮಾಡಿಕೊಳ್ಳುವುದು, ಕವಿಯ ಮಾತು ಹಿಡಿಯುವುದು: ಪೋಷಕರು, ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮೊದಲು ದಕ್ಷಿಣ ಕನ್ನಡದಲ್ಲಿದ್ದೆ, ಈಗ ತುಮಕೂರು ಕಡೆ ಇದ್ದೇನೆ. ಪೋಷಕರ ಸಭೆಯಲ್ಲಿ, ಬಸ್ ಸ್ಟಾಂಡಿನಲ್ಲಿ, ಫೋನಿನಲ್ಲಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಎಂಟರಿಂದ ಹತ್ತನೇ ತರಗತಿ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ.

ನಮ್ಮ ಮಗ ತಡವರಿಸದೆ ಓದುತ್ತಾನೆ. ಆದರೆ ಏನು ಓದಿದೆ ಅಂತ ಕೇಳಿದರೆ ಸುಮ್ನೆ ನಿಂತುಬಿಡುತ್ತಾನೆ. ಯಾಕೆ?

ಕನ್ನಡ ಲಿಪಿಯ ಒಳ್ಳೆಯ ಗುಣವೇ ಇಲ್ಲಿ ನಮ್ಮನ್ನು ಮೋಸ ಮಾಡುತ್ತದೆ. ಬರೆದ ಹಾಗೇ ಓದುತ್ತೇವೆ. ಹಾಗಾಗಿ ಅಕ್ಷರ ಬಂದ ಮಗು ಅರ್ಥ ಗೊತ್ತಿಲ್ಲದ ಪುಟವನ್ನೂ ಗಟ್ಟಿಯಾಗಿ, ಚೆನ್ನಾಗಿ ಓದಿಬಿಡುತ್ತದೆ. ಕೇಳುವ ನಮಗೆ ಎಲ್ಲ ತಿಳಿದಿದೆ ಅನ್ನಿಸುತ್ತದೆ.

ಅರ್ಥ ಕೈತಪ್ಪುವುದು ಹೆಚ್ಚಾಗಿ ಉದ್ದ ವಾಕ್ಯಗಳಲ್ಲಿ. ಈ ವಾಕ್ಯ ನೋಡಿ: "ಊರಿನಿಂದ ಬಂದ ಮಾವ ತಂದುಕೊಟ್ಟ ಚೀಲದಲ್ಲಿದ್ದ ಹಲಸಿನ ಹಣ್ಣನ್ನು ಅಜ್ಜಿ ಕೊಯ್ದು ಮಕ್ಕಳಿಗೆ ಹಂಚಿದರು." ಹಣ್ಣು ಹಂಚಿದ್ದು ಯಾರು ಅಂತ ಕೇಳಿದರೆ ತುಂಬಾ ಮಕ್ಕಳು "ಮಾವ" ಅನ್ನುತ್ತಾರೆ. ಮೊದಲು ಕಂಡ ಮನುಷ್ಯ ಮಾವ, ಅದಕ್ಕೇ. ಬಂದ, ತಂದುಕೊಟ್ಟ, ಇದ್ದ ಎಂದು ಒಂದರ ಬಾಲಕ್ಕೆ ಒಂದು ಜೋತುಬಿದ್ದಿವೆ. ಕೆಲಸ ಹೇಳುವ ಪದ ಕೊನೆಗೆ ಕೂತಿದೆ.

ಇದಕ್ಕೆ ನಾನು ಹೇಳಿಕೊಡುವುದು ಒಂದೇ. ವಾಕ್ಯದ ಬಾಲ ಹಿಡಿ. "ಹಂಚಿದರು" ಸಿಕ್ಕಿತಾ? ಈಗ ಕೇಳು: ಯಾರು ಹಂಚಿದರು, ಏನನ್ನು, ಯಾರಿಗೆ? ಉಳಿದದ್ದೆಲ್ಲ ಹಣ್ಣು ಎಲ್ಲಿಂದ ಬಂತು ಅನ್ನುವ ಕಥೆ. ದಿನಕ್ಕೆ ಎರಡು ವಾಕ್ಯ ಹೀಗೆ ಬಿಡಿಸಿದರೂ ಸಾಕು. ಕೆಲವು ವಾರಗಳಲ್ಲಿ ಮಗು ತಾನಾಗಿಯೇ ಮಾಡತೊಡಗುತ್ತದೆ.

ಅಪಠಿತ ಗದ್ಯ (ಪಾಠದಲ್ಲಿ ಇಲ್ಲದ, ಮೊದಲ ಸಲ ನೋಡುವ ಗದ್ಯ) ಕೊಟ್ಟಾಗ ಮೊದಲು ಪ್ರಶ್ನೆ ಓದಬೇಕಾ, ಗದ್ಯ ಓದಬೇಕಾ?

ಗದ್ಯವನ್ನೇ ಓದಲಿ, ಪೂರ್ತಿ. ಪ್ರಶ್ನೆ ಮೊದಲು ಓದಿದ ಮಗು ಗದ್ಯವನ್ನು ಓದುವುದಿಲ್ಲ, ಅದರಲ್ಲಿ ಹುಡುಕಾಡುತ್ತದೆ. ಪ್ರಶ್ನೆಯಲ್ಲಿರುವ ಪದ ಕಂಡ ಕೂಡಲೇ ಆ ಸಾಲನ್ನು ಎತ್ತಿ ಬರೆಯುತ್ತದೆ. ಸುಲಭದ ಪ್ರಶ್ನೆಗೆ ಅದು ನಡೆಯುತ್ತದೆ, ಯೋಚಿಸಬೇಕಾದ ಪ್ರಶ್ನೆಗೆ ನಡೆಯುವುದಿಲ್ಲ.

ತರಗತಿಗೆಂದು ನಾನೇ ಬರೆದುಕೊಂಡ ಪುಟ್ಟ ಗದ್ಯ ಇದು:

"ಬೆಳಗ್ಗಿನಿಂದ ಮಳೆ ಬಿಟ್ಟಿರಲಿಲ್ಲ. ಶಾಲೆಗೆ ರಜೆ ಕೊಟ್ಟಿದ್ದರು. ರತ್ನಮ್ಮ ಒಲೆಯ ಮುಂದೆ ಕೂತು ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದಳು. ಎರಡು ತಟ್ಟೆಗೆ ಬಡಿಸಿ, ಒಂದನ್ನು ಮುಚ್ಚಿಟ್ಟಳು. 'ಹೊಳೆ ತುಂಬಿದೆಯಂತೆ' ಎಂದು ಪಕ್ಕದ ಮನೆಯವರು ಕೂಗಿ ಹೇಳಿದರು. 'ನನಗೂ ಗೊತ್ತು' ಎಂದಷ್ಟೇ ಹೇಳಿ ಒಲೆಗೆ ಇನ್ನೊಂದು ಕೊಳ್ಳಿ ತುರುಕಿದಳು."

ಮೊದಲ ಪ್ರಶ್ನೆ: ರತ್ನಮ್ಮ ಎಲ್ಲಿ ಕೂತಿದ್ದಳು? ಉತ್ತರ ಸಾಲಿನಲ್ಲೇ ಇದೆ. ಎರಡನೆಯದು: ಶಾಲೆಗೆ ಯಾಕೆ ರಜೆ? ಮಳೆಯಿಂದಾಗಿ ಅಂತ ಗದ್ಯ ಬಾಯಿಬಿಟ್ಟು ಹೇಳಿಲ್ಲ. ಎರಡು ಸಾಲನ್ನು ಜೋಡಿಸಿದರೆ ಉತ್ತರ. ಮೂರನೆಯದು: ರತ್ನಮ್ಮನ ಮನಸ್ಸಿನಲ್ಲಿ ಏನಿತ್ತು, ಹೇಗೆ ಹೇಳುತ್ತೀರಿ? ಈಗ ಮಗು ಬಾಗಿಲು, ಮುಚ್ಚಿಟ್ಟ ತಟ್ಟೆ, ತುಂಬಿದ ಹೊಳೆ, ಮೊಟಕು ಮಾತು ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕು.

ನಾಲ್ಕನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ಅವಳು ಯಾರಿಗಾಗಿ ಕಾಯುತ್ತಿದ್ದಳು? "ಗಂಡನಿಗಾಗಿ" ಅಂತ ಮಕ್ಕಳು ಥಟ್ಟನೆ ಹೇಳುತ್ತಾರೆ. ಗದ್ಯದಲ್ಲಿ ಗಂಡ ಎಲ್ಲಿದ್ದಾನೆ? ಮಗನಾಗಿರಬಹುದು, ತಂದೆಯಾಗಿರಬಹುದು. ಬರೆದವರು ಹೇಳಿದ್ದು ಯಾವುದು, ನಾವು ಸೇರಿಸಿದ್ದು ಯಾವುದು? ಈ ಗೆರೆ ಕಂಡ ದಿನ ಮಗು ಓದಲು ಕಲಿಯಿತು ಅಂತ ನಾನು ಲೆಕ್ಕ ಹಾಕುತ್ತೇನೆ.

ಗದ್ಯದ ವಾಕ್ಯವನ್ನೇ ಹಾಗೇ ಬರೆದರೆ ತಪ್ಪಾ?

ಉತ್ತರ ನೇರವಾಗಿ ಸಾಲಿನಲ್ಲಿದ್ದರೆ ತಪ್ಪೇನಿಲ್ಲ. ಆದರೆ ಪ್ರಶ್ನೆಗೆ ತಕ್ಕಂತೆ ಕೊನೆ ಬದಲಾಗಬೇಕು. "ಯಾಕೆ" ಅಂತ ಕೇಳಿದ್ದಕ್ಕೆ "ಆದ್ದರಿಂದ", "ಕಾರಣ" ಬರದಿದ್ದರೆ ಮಗು ಪ್ರಶ್ನೆಯನ್ನು ಓದಿಲ್ಲ ಅಂತಲೇ ಅರ್ಥ.

ಗೊತ್ತಿಲ್ಲದ ಪದ ಬಂದಾಗಲೆಲ್ಲ ನಿಘಂಟು ನೋಡಬೇಕಾ?

ಬೇಡ. ಮೊದಲು ಪದವನ್ನು ಒಡೆದು ನೋಡಲಿ. "ಕಂಬನಿ" ಗೊತ್ತಿಲ್ಲವೇ? ಕಣ್ + ಪನಿ. ಪನಿ ಅಂದರೆ ಹನಿ. ಕಣ್ಣಿನ ಹನಿ, ಕಣ್ಣೀರು. "ಹೆಮ್ಮರ" ಅಂದರೆ ಹಿರಿದಾದ ಮರ. ಸಂಧಿ, ಸಮಾಸವನ್ನು ಅಂಕಕ್ಕಾಗಿ ಮಾತ್ರ ಕಲಿಸುತ್ತೇವೆ, ಅದು ನನಗೆ ಬೇಸರದ ವಿಷಯ. ಲೋಪ, ಆಗಮ, ಆದೇಶ ಅಂತ ಹೆಸರು ಹೇಳಿ ಮುಗಿಸುತ್ತೇವೆ. ನಿಜಕ್ಕೂ ಅವು ಬೀಗದ ಕೈ. ಮಳೆ + ಕಾಲ ಸೇರಿ ಮಳೆಗಾಲ ಆದಾಗ ಕ ಹೋಗಿ ಗ ಬಂತು ಅನ್ನುವುದು ಗೊತ್ತಿದ್ದರೆ, "ಬೆಟ್ಟದಾವರೆ" ಕಂಡಾಗ ಒಳಗೆ ತಾವರೆ ಇದೆ ಅಂತ ಮಗುವಿಗೆ ಹೊಳೆಯುತ್ತದೆ.

ಆಮೇಲೆ ಹಿಂದಿನ, ಮುಂದಿನ ಸಾಲು ನೋಡಿ ಊಹಿಸಲಿ. ಊಹೆಯನ್ನು ಪೆನ್ಸಿಲಿನಲ್ಲಿ ಬರೆಯಲಿ. ಕೊನೆಗೆ ನಿಘಂಟು. ಊಹಿಸಿ ನೋಡಿದ ಪದ ತಲೆಯಲ್ಲಿ ಉಳಿಯುತ್ತದೆ.

ನಿಘಂಟು ನೋಡುವುದೂ ಕಲಿಯಬೇಕಾದ ಕೆಲಸವೇ. "ಬಿದ್ದ" ಅಂತ ಹುಡುಕಿದರೆ ಸಿಗದೆ ಹೋಗಬಹುದು, "ಬೀಳು" ಹುಡುಕಬೇಕು. "ಕಂಡ"ಕ್ಕೆ "ಕಾಣು", "ಕೊಂದ"ಕ್ಕೆ "ಕೊಲ್ಲು", "ನಿಂತ"ಕ್ಕೆ "ನಿಲ್ಲು". ಇದನ್ನು ಹೇಳಿಕೊಡದೆ ನಿಘಂಟು ಕೈಗೆ ಕೊಟ್ಟರೆ ಮಗು "ಇದರಲ್ಲಿ ಏನೂ ಇಲ್ಲ" ಅಂತ ಮುಚ್ಚಿಡುತ್ತದೆ. ಮೊಬೈಲಿನಲ್ಲಿ ನೋಡುವುದಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ತಾಣದಲ್ಲಿ ಹಲವು ನಿಘಂಟುಗಳಿವೆ. ಹಳೆಯ ಪದಗಳಿಗೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಅರ್ಥಗಳು ಇಂಗ್ಲಿಷಿನಲ್ಲಿವೆ, ಆದ್ದರಿಂದ ದೊಡ್ಡವರು ಜೊತೆಗೆ ಕೂರಬೇಕು.

ಹಳೆಗನ್ನಡ ಪದ್ಯ ಅಂದರೆ ಮಕ್ಕಳು ಹೆದರುತ್ತಾರೆ. ಅದನ್ನು ಹೇಗೆ ಹತ್ತಿರ ತರುವುದು?

ದಕ್ಷಿಣ ಕನ್ನಡದ ಶಾಲೆಯಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮನೆಮಾತು ತುಳು. ಬಾಯಿಬಿಟ್ಟು ಮಾತಾಡಿದ್ದೇ ಕಡಿಮೆ. ಒಂದು ದಿನ ಪದ್ಯದಲ್ಲಿ "ಪೊಸ" ಅನ್ನುವ ಪದ ಬಂತು. ಯಾರಿಗೂ ಗೊತ್ತಾಗಲಿಲ್ಲ. ಅವಳು ಮೆಲ್ಲಗೆ "ಟೀಚರ್, ಅದು ಹೊಸತು ಅಂತ" ಅಂದಳು. ಹೇಗೆ ಗೊತ್ತಾಯಿತು ಅಂದರೆ, "ನಮ್ಮ ಮನೆಯಲ್ಲಿ ಹಾಗೇ ಹೇಳುವುದು" ಅಂದಳು. ಅವತ್ತಿನಿಂದ ಹಳೆಗನ್ನಡದ ಪಾಠ ಬಂದರೆ ಇಡೀ ತರಗತಿ ಅವಳ ಕಡೆ ತಿರುಗುತ್ತಿತ್ತು. ಆ ಮಗುವಿನ ಮುಖ ನನಗೆ ಈಗಲೂ ಕಣ್ಣ ಮುಂದಿದೆ.

ವಿಷಯ ಇಷ್ಟೇ. ಹಳೆಗನ್ನಡದಲ್ಲಿ ಪದದ ಮೊದಲಿಗೆ ಇದ್ದ ಪ ಮುಂದೆ ಹ ಆಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೆಸರ್ ಹೆಸರಾಯಿತು, ಪತ್ತು ಹತ್ತಾಯಿತು. ನಮ್ಮ ಅಕ್ಕಪಕ್ಕದ ಭಾಷೆಗಳಲ್ಲಿ ಆ ಪ ಹಾಗೇ ಉಳಿದಿದೆ. ತಮಿಳು ಮನೆಯ ಮಗು ದಿನಾ ಪಾಲ್ ಕುಡಿಯುತ್ತದೆ. ತೆಲುಗು ಮನೆಯ ಮಗುವಿಗೆ ಪುಲಿ ಗೊತ್ತು. ತುಳುವಿನಲ್ಲಿ ಹುಲಿ ಪಿಲಿ. ಕರಾವಳಿಯ ಹವ್ಯಕ ಮನೆಗಳಲ್ಲಿ ನಾನು ಅನ್ನುವುದಕ್ಕೆ "ಆನು", ನನ್ನ ಅನ್ನುವುದಕ್ಕೆ "ಎನ್ನ" ಅನ್ನುತ್ತಾರೆ. ಹಳೆಯ ಪದ್ಯದಲ್ಲೂ "ಆನ್", "ಎನ್ನ" ಇದೆ. "ಕನ್ನಡ ಮನೆಮಾತಲ್ಲ, ಅದಕ್ಕೇ ಹಿಂದೆ" ಅಂತ ನಾವು ಮೂಲೆಗೆ ಕೂರಿಸಿದ ಮಕ್ಕಳ ಹತ್ತಿರವೇ ಹಳೆಗನ್ನಡದ ಕೀಲಿ ಇರುತ್ತದೆ, ಅಲ್ವಾ?

ಇನ್ನು ಮೂರು ಗುರುತು ಹೇಳಿಕೊಟ್ಟರೆ ಅರ್ಧ ದಾರಿ ಸಾಗಿದ ಹಾಗೆ. ವ್ಯಂಜನದಲ್ಲಿ ನಿಂತ ಪದಕ್ಕೆ ಈಗ ಒಂದು ಉ ಸೇರಿದೆ: ಕಣ್ ಈಗ ಕಣ್ಣು, ನೀರ್ ಈಗ ನೀರು. "ಮನೆಯೊಳ್" ಅಂದರೆ ಮನೆಯಲ್ಲಿ. "ಮರನಂ" ಅಂದರೆ ಮರವನ್ನು. ಒಂದು ಎಚ್ಚರ ಇರಲಿ, ಎಲ್ಲ ಪ ಕೂಡ ಹ ಆಗಿಲ್ಲ. ಪಡೆ, ಪಡು ಹಾಗೇ ಉಳಿದಿವೆ. ಪುಸ್ತಕ, ಪಕ್ಷಿಯಂಥ ಸಂಸ್ಕೃತ ಪದಗಳಿಗೂ ಈ ಮಾತು ಹೊಂದುವುದಿಲ್ಲ.

ಮೊದಲ ಪಾಠಕ್ಕೆ ನಾನು ಪಠ್ಯದ ಪದ್ಯ ತೆಗೆದುಕೊಳ್ಳುವುದಿಲ್ಲ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟ ಎಂಬ ವೀರನ ಶಾಸನದ ಮೂರು ಸಾಲು ಬರೆಯುತ್ತೇನೆ. ಸುಮಾರು 1300 ವರ್ಷ ಹಳೆಯದು:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಮೊದಲ ಸಾಲು ಕೇಳಿದ ಕೂಡಲೇ ಮಕ್ಕಳು ಅರ್ಥ ಹೇಳುತ್ತಾರೆ. ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾಗಿ ನಡೆದುಕೊಂಡರೆ ಅವನೂ ಸಿಹಿ. "ಬಾಧಿಪ್ಪ" ಅಂದರೆ ಬಾಧಿಸುವ ಅಂತ ಒಬ್ಬರಾದರೂ ಊಹಿಸುತ್ತಾರೆ. ಕಾಟ ಕೊಡುವವನಿಗೆ ಇವನು ಕಲಿಯುಗದ ವಿಪರೀತ. "ಪೆರನಲ್ಲ" ಅಂದರೆ ಬೇರೆಯವನಲ್ಲ, ಇವನು ಮಾಧವನೇ. ಹದಿಮೂರು ನೂರು ವರ್ಷದ ಹಿಂದೆ ಕಲ್ಲಿನಲ್ಲಿ ಕೊರೆದ ಮಾತು ತನಗೆ ಅರ್ಥವಾಯಿತು ಅಂತ ಗೊತ್ತಾದಾಗ ಹೆದರಿಕೆ ಅರ್ಧ ಇಳಿಯುತ್ತದೆ. ಇದೇ ಮೂರು ಸಾಲಿನಲ್ಲಿ ತ್ರಿಪದಿಯೂ ಇದೆ, ಆದಿಪ್ರಾಸವೂ ಇದೆ. ಸಾಧು, ಬಾಧಿ, ಮಾಧವ: ಎರಡನೇ ಅಕ್ಷರ ಎಲ್ಲ ಕಡೆ ಧ. ಅದರ ಹಿಂದಿನ ಸ್ವರ ದೀರ್ಘ, ಹಾಗಾಗಿ ಗಜಪ್ರಾಸ.

ಉಪಮೆ, ರೂಪಕ, ಉತ್ಪ್ರೇಕ್ಷೆ ಮೂರೂ ಗೊಂದಲ. ಲಕ್ಷಣ ಬಾಯಿಪಾಠ ಬರುತ್ತದೆ, ಗುರುತಿಸಲು ಬರುವುದಿಲ್ಲ.

ಒಂದೇ ವಿಷಯವನ್ನು ಮೂರು ರೀತಿ ಹೇಳಿಸಿ.

"ಅಜ್ಜಿಯ ಮಾತು ಬೆಲ್ಲದ ಹಾಗೆ ಸಿಹಿ." ಇದು ಉಪಮೆ. ಮಾತು ಉಪಮೇಯ, ಬೆಲ್ಲ ಉಪಮಾನ, "ಹಾಗೆ" ವಾಚಕ ಪದ, ಸಿಹಿ ಸಮಾನ ಧರ್ಮ. ನಾಲ್ಕೂ ಇವೆ, ಪೂರ್ಣೋಪಮೆ. "ಅಜ್ಜಿಯ ಮಾತು ಬೆಲ್ಲದ ಹಾಗಿದೆ" ಅಂದರೆ ಸಿಹಿ ಅನ್ನುವುದು ಬಿಟ್ಟುಹೋಯಿತು, ಲುಪ್ತೋಪಮೆ.

"ಅಜ್ಜಿಯ ಮಾತೇ ಬೆಲ್ಲ." ಎರಡಕ್ಕೂ ಭೇದವೇ ಇಲ್ಲ. ರೂಪಕ.

"ಅಜ್ಜಿ ಮಾತಾಡುತ್ತಿದ್ದರೆ ಬೆಲ್ಲದ ಪಾಕವೇ ಎಳೆ ಎಳೆಯಾಗಿ ಇಳಿಯುತ್ತಿದೆಯೋ ಎಂಬಂತಿತ್ತು." ಒಂದನ್ನು ಇನ್ನೊಂದಾಗಿ ಕಲ್ಪಿಸಿಕೊಂಡೆವು. ಉತ್ಪ್ರೇಕ್ಷೆ.

ಈಗ ಮಕ್ಕಳು ತಮ್ಮದೇ ವಸ್ತು ತೆಗೆದುಕೊಳ್ಳಲಿ. ಗಣಿತದ ಮೇಷ್ಟ್ರ ಕೋಪ, ಮನೆಯ ನಾಯಿ, ಕೆರೆಯ ನೀರು. ತಾವೇ ಕಟ್ಟಿದ ಮೇಲೆ ಇನ್ನೊಬ್ಬರ ಸಾಲಿನಲ್ಲಿ ಗುರುತಿಸುವುದು ಕಷ್ಟವಾಗುವುದಿಲ್ಲ. "ಅಂತೆ" ಕಂಡ ಕಡೆಯೆಲ್ಲ ಉಪಮೆ ಅಂತ ಬರೆಯುವ ಚಾಳಿ ಮಾತ್ರ ಬಿಡಿಸಬೇಕು. "ಹೊಳೆ ತುಂಬಿದೆಯಂತೆ" ಅನ್ನುವುದರಲ್ಲಿ ಹೋಲಿಕೆ ಏನೂ ಇಲ್ಲ, ಅದು ಕೇಳಿದ ಸುದ್ದಿ.

ದೃಷ್ಟಾಂತಕ್ಕೆ ಗಾದೆಯೇ ಸಾಕು: "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ." ಎರಡು ಬೇರೆ ವಾಕ್ಯ, ಒಂದರ ಬಿಂಬ ಇನ್ನೊಂದರಲ್ಲಿ.

ಅಲಂಕಾರದ ಹೆಸರು ಬರೆದು ನಿಲ್ಲಿಸಬೇಡಿ. ಬೆಲ್ಲವೇ ಯಾಕೆ, ಸಕ್ಕರೆ ಯಾಕಲ್ಲ ಅಂತ ಕೇಳಿ. ಒಬ್ಬ ಹುಡುಗ ಒಮ್ಮೆ "ಬೆಲ್ಲ ಮನೇಲಿ ಮಾಡಿದ್ದು, ಸಕ್ಕರೆ ಅಂಗಡೀದು" ಅಂದ. ಅವರ ಮನೆಯಲ್ಲಿ ಆಲೆಮನೆ ಇತ್ತು. ಅವನು ಹೇಳಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೂ ಪೂರ್ತಿ ಸರಿ.

ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ ಅಂದರೆ ಏನು ಬರೆಯಬೇಕು? ಸಂದರ್ಭ ಸರಿ ಇರುತ್ತದೆ, ಸ್ವಾರಸ್ಯಕ್ಕೆ ಅಂಕ ಹೋಗುತ್ತದೆ.

ಯಾವ ಪಾಠ, ಯಾರ ಬರಹ, ಯಾರು ಯಾರಿಗೆ ಯಾವಾಗ ಹೇಳಿದರು: ಇದು ಆಯ್ಕೆ ಮತ್ತು ಸಂದರ್ಭ. ಅದು ನೆನಪಿನ ಕೆಲಸ. ಸ್ವಾರಸ್ಯ ಅನ್ನುವುದು ಆ ಮಾತಿನ ರಸ. "ಈ ಮಾತು ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ" ಅಂತ ಮಕ್ಕಳು ಬರೆಯುತ್ತಾರೆ. ಅದು ಯಾವ ಮಾತಿಗಾದರೂ ಅಂಟಿಸಬಹುದಾದ ಚೀಟಿ.

ರತ್ನಮ್ಮನ "ನನಗೂ ಗೊತ್ತು" ತೆಗೆದುಕೊಳ್ಳಿ. ನಾನು ಮೂರು ಪ್ರಶ್ನೆ ಕೇಳಿಸುತ್ತೇನೆ. ಈ ಮಾತಿನ ಬದಲು ಏನು ಹೇಳಬಹುದಿತ್ತು? "ಅಯ್ಯೋ, ಈಗೇನು ಮಾಡಲಿ" ಅನ್ನಬಹುದಿತ್ತು. ಹಾಗೆ ಅನ್ನಲಿಲ್ಲ, ಯಾಕೆ? ಭಯವನ್ನು ಬಾಯಿಗೆ ತಂದರೆ ಅದು ನಿಜವಾಗಿಬಿಡುತ್ತದೆ ಅಂತ ಇರಬಹುದು. ಮಾತಿನ ಜೊತೆ ಕೈ ಏನು ಮಾಡಿತು? ಒಲೆಗೆ ಕೊಳ್ಳಿ ತುರುಕಿತು. ಬರುವವರಿಗೆ ಅನ್ನ ಬಿಸಿ ಇರಲಿ ಅಂತ, ಬರುತ್ತಾರೆ ಅನ್ನುವ ನಂಬಿಕೆಯಿಂದ. ಇದನ್ನು ಮಗು ತನ್ನ ಮಾತಿನಲ್ಲಿ ಎರಡು ವಾಕ್ಯ ಬರೆದರೆ ಅದೇ ಸ್ವಾರಸ್ಯ.

ಲಘು, ಗುರು, ಗಣ ವಿಭಾಗ ಯಾಂತ್ರಿಕವಾಗಿ ಮಾಡುತ್ತಾರೆ. ಪದ್ಯದ ಸೊಗಸಿಗೂ ಅದಕ್ಕೂ ಏನು ಸಂಬಂಧ?

ಮೊದಲು ಕಿವಿ, ಆಮೇಲೆ ಪೆನ್ಸಿಲ್. ಲಘು ಅಂದರೆ ಒಂದು ಮಾತ್ರೆ ಕಾಲದ ಅಕ್ಷರ, ಗುರು ಎರಡು ಮಾತ್ರೆಯದು. ಈ ಸಾಲನ್ನು ಕೈತಟ್ಟಿ ಹೇಳಿಸಿ: "ಮಳೆಯು ಬಂದಿತು ಹೊಲದ ಮೇಲಕೆ." ಮಳೆಯು ಮೂರು ಮಾತ್ರೆ, ಬಂದಿತು ನಾಲ್ಕು, ಹೊಲದ ಮೂರು, ಮೇಲಕೆ ನಾಲ್ಕು. ಇದು ಆರು ಸಾಲಿನ ಭಾಮಿನಿ ಷಟ್ಪದಿಯ ನಡೆ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ ಮೂರು ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೆ ಒಂದು ಗುರು, ಒಟ್ಟು 23. ಮೂರು ನಾಲ್ಕು, ಮೂರು ನಾಲ್ಕು ಅಂತ ಓಡುವ ಈ ನಡೆ ಕಥೆ ಹೇಳುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಸಾಧ್ಯವಾದರೆ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳಿಸಿ. ಶಿವಮೊಗ್ಗದ ಹತ್ತಿರ, ತುಂಗೆಯ ದಡದಲ್ಲಿರುವ ಮತ್ತೂರು, ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರುಗಳು. ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕಿ ಪದವನ್ನು ಎಲ್ಲಿ ಬಿಡಿಸುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅನ್ನುವುದನ್ನು ಕೇಳಿದರೆ ಅರ್ಥವೇ ಬಿಚ್ಚಿಕೊಳ್ಳುತ್ತದೆ. ಗಣ ಮುರಿಯುವ ಕಡೆಯೆಲ್ಲ ಪದ ಮುರಿಯಬೇಕೆಂದಿಲ್ಲ ಅನ್ನುವುದು ಮಕ್ಕಳಿಗೆ ಆಗ ಗೊತ್ತಾಗುತ್ತದೆ.

ಗಾದೆ ವಿಸ್ತರಣೆಗೆ ಎಲ್ಲರೂ ಒಂದೇ ರೀತಿ ಬರೆಯುತ್ತಾರಲ್ಲ?

"ಗಾದೆ ವೇದಕ್ಕೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು." ಹತ್ತಿರ ಹತ್ತಿರ ಎಲ್ಲ ಉತ್ತರವೂ ಹೀಗೇ ಶುರು. ತಪ್ಪಲ್ಲ, ಆದರೆ ಅದರಲ್ಲಿ ಮಗುವಿನದು ಏನೂ ಇಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಬಂದರೆ, ಮೊದಲು ಚಾಪೆ, ಕಾಲು ಕಣ್ಣಿಗೆ ಕಾಣಲಿ. ಆಮೇಲೆ ಸಾಲ ಮಾಡಿ ಮದುವೆ ಮಾಡಿದ ಮನೆಯೋ, ಕಂತಿನಲ್ಲಿ ಫೋನ್ ತಗೊಂಡ ಅಣ್ಣನೋ ಬರಲಿ. ಬೀದಿಯಲ್ಲಿ ಕಂಡದ್ದನ್ನು ಹೆಸರು ಹೇಳದೆ ಬರೆದರೆ ಸಾಕು.

ನಮ್ಮದು ಉತ್ತರ ಕರ್ನಾಟಕದ ಮಾತು. ಮಗಳು ಹಾಗೇ ಮಾತಾಡುತ್ತಾಳೆ. ಮೊದಲು ಅದನ್ನು ತಿದ್ದಬೇಕಾ?

ದಯವಿಟ್ಟು ಬೇಡ. ಅರ್ಥವನ್ನು ಅವಳು ತನ್ನ ಮಾತಿನಲ್ಲೇ ಹೇಳಲಿ. "ಮನ್ಯಾಗ ಕುಂತಿದ್ಲು" ಅಂದರೆ ಅರ್ಥವಾಗಿದೆ ಅಂತ. ಬರೆಯುವಾಗ "ಮನೆಯಲ್ಲಿ ಕುಳಿತಿದ್ದಳು" ಅಂತ ಬದಲಿಸುವುದು ಎರಡನೇ ಹೆಜ್ಜೆ. ಎರಡನ್ನೂ ಒಟ್ಟಿಗೆ ಕೇಳಿದರೆ ಮಗು ಬಾಯಿ ಮುಚ್ಚುತ್ತದೆ. 12ನೇ ಶತಮಾನದ ವಚನಕಾರರು ಜನರ ಮಾತನ್ನೇ ಎತ್ತಿಕೊಂಡು ಬರೆದವರು. ಆಡುಮಾತು ಸಾಹಿತ್ಯಕ್ಕೆ ಅಡ್ಡಿ ಅಂತ ಮಗುವಿಗೆ ಹೇಳಿಕೊಡುವುದು ಅನ್ಯಾಯ.

ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ, ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಏನು ಮಾಡಬೇಕು?

ಅವರಿಗೆ ಮಾತು ಬರುತ್ತದೆ, ಬರಹದ ಕನ್ನಡ ಕಿವಿಗೆ ಬಿದ್ದಿರುವುದಿಲ್ಲ. "ಹೋಗ್ತೀನಿ" ಗೊತ್ತು, "ಹೋಗುವೆನು" ಗೊತ್ತಿಲ್ಲ. ನೀವು ಓದಿ, ಅವರು ಕೇಳಲಿ. ಮಲಗುವ ಮುಂಚೆ ಹತ್ತು ನಿಮಿಷ, ಮಧ್ಯೆ ಇಂಗ್ಲಿಷಿಗೆ ಅನುವಾದ ಮಾಡದೆ. ಪದ ಗೊತ್ತಾಗದಿದ್ದರೆ ಕನ್ನಡದಲ್ಲೇ ಸುತ್ತು ಬಳಸಿ ಹೇಳಿ.

ಗೈಡ್ ಕೊಡಿಸಬಹುದಾ? ಚಾಟ್‌ಬಾಟ್ ಕೇಳಿ ಉತ್ತರ ಬರೆದರೆ?

ಮಗು ತನ್ನ ಉತ್ತರ ಬರೆದಾದ ಮೇಲೆ ಎರಡನ್ನೂ ನೋಡಬಹುದು. ಮೊದಲು ಬೇಡ. ಚಾಟ್‌ಬಾಟ್ ಹಳೆಗನ್ನಡದಲ್ಲಿ ಧೈರ್ಯವಾಗಿ ತಪ್ಪು ಅರ್ಥ ಹೇಳುವುದನ್ನು ನಾನು ಕಂಡಿದ್ದೇನೆ, ನಿಘಂಟಿನ ಜೊತೆ ಹೋಲಿಸಿ ನೋಡಲೇಬೇಕು. ಇನ್ನು ಪ್ರಶ್ನೆ ಪತ್ರಿಕೆಯ ಮಾದರಿ ಬದಲಾಗುತ್ತಿರುತ್ತದೆ. ಹಳೆಯ ಗೈಡ್ ನಂಬಬೇಡಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಮಾದರಿ ಪತ್ರಿಕೆಯನ್ನೇ ನೋಡಿ.

ನನಗೇ ಹಳೆಗನ್ನಡ ಬರುವುದಿಲ್ಲ, ಓದಿದ್ದೂ ಕಡಿಮೆ. ನಾನು ಹೇಗೆ ಸಹಾಯ ಮಾಡಲಿ?

ತುಂಬಾ ಅಮ್ಮಂದಿರು ಇದನ್ನು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ನಿಮ್ಮ ಕೆಲಸ ಕೇಳುವುದು. ಮಗು ಪಾಠ ಓದಲಿ, ಪುಸ್ತಕ ಮುಚ್ಚಲಿ, ನಿಮಗೆ ಕಥೆಯಾಗಿ ಹೇಳಲಿ. ನೀವು ರೊಟ್ಟಿ ತಟ್ಟುತ್ತಲೇ ಕೇಳಬಹುದು. ಅರ್ಥವಾಗದ ಕಡೆ "ಅದು ಯಾಕೆ ಹಾಗೆ?" ಅಂತ ಕೇಳಿ. ನಿಮಗೆ ಉತ್ತರ ಗೊತ್ತಿಲ್ಲ ಅನ್ನುವುದೇ ಇಲ್ಲಿ ಒಳ್ಳೆಯದು, ಮಗು ಬಿಡಿಸಿ ಹೇಳಲೇಬೇಕಾಗುತ್ತದೆ. ಅದು ಸಿಕ್ಕಿಹಾಕಿಕೊಂಡರೆ "ನಾಳೆ ಟೀಚರನ್ನು ಕೇಳಿಕೊಂಡು ಬಂದು ನನಗೂ ಹೇಳು" ಅನ್ನಿ. ಮಾರನೇ ದಿನ ನೆನಪಿಟ್ಟು ಕೇಳಿ.